ಮೋಟಾರ್ ಚಾಲೂ ಆಗಿದೆ

2024ರ ಡಿಸೆಂಬರ್ 16, ಸೋಮವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಕೊಪ್ಪದ ಬಾಡಿಗೆ ಮನೆಯೊಂದರಲ್ಲಿ ಜಯಪ್ರಕಾಶನ ಹೊಸ ನಂಬರಿಗೆ ಮೊತ್ತಮೊದಲ ಕರೆ ಬಂತು. ಅವನು ಹಾಸಿಗೆಯಿಂದ ಹಾರಿದ ರಭಸಕ್ಕೆ ಕಿಟಕಿಯ ಕಟ್ಟೆಯ ಮೇಲಿದ್ದ ಅಮ್ಮನ ದೊಡ್ಡಪತ್ರೆ ಕುಂಡ ಒಮ್ಮೆ ಓಲಾಡಿ, ಬೀಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ನಿಂತಿತು.

ಈ ಕರೆಗಾಗಿ ಅವನು ಎಂಟು ದಿನಗಳಿಂದ ಕಾಯುತ್ತಿದ್ದ. ಜಯಪ್ರಕಾಶ ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಬೋಧಕ. ವಯಸ್ಸು ಮೂವತ್ತಾರು. ಇದುವರೆಗೆ ಹದಿಮೂರು ಕಡೆ ಹೆಣ್ಣು ನೋಡಿದ್ದ. ಹದಿಮೂರು ಕಡೆಯಲ್ಲೂ ಹುಡುಗಿಯ ಅಪ್ಪಂದಿರು ಕೇಳಿದ್ದು ಒಂದೇ ಪ್ರಶ್ನೆ, "ತೋಟ ಎಷ್ಟು ಎಕರೆ?" ಅವನ ಉತ್ತರವೂ ಒಂದೇ ಆಗಿದ್ದರಿಂದ ಫಲಿತಾಂಶದಲ್ಲಿ ವ್ಯತ್ಯಾಸವಾಗಲು ಕಾರಣವಿರಲಿಲ್ಲ.

ಹದಿನಾಲ್ಕನೆಯದು ಕಡಹಿನಬೈಲಿನ ರೇಣುಕಪ್ಪನವರ ಮಗಳು ದಿವ್ಯ. ನರಸಿಂಹರಾಜಪುರದ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ. ರೇಣುಕಪ್ಪನವರೂ ಎಕರೆ ಕೇಳಿದರು. ಇಲ್ಲ ಎಂದು ಗೊತ್ತಾದ ಮೇಲೆ ಕಾಫಿ ಲೋಟದೊಳಗೆ ನೋಡುತ್ತ ಕುಳಿತರು. ಆದರೆ ದಿವ್ಯ ಮಾತ್ರ ಜಗಲಿಗೆ ಬಂದು ನೇರವಾಗಿ ಹೇಳಿದ್ದಳು:

"ನೋಡಿ, ನಂಗೆ ಎರಡೇ ವಿಷಯ. ಒಂದು, ತೋಟದ ಮನೆ ಬೇಡ. ತ್ರೀ ಫೇಸ್ ಕರೆಂಟ್ ಬಂದಾಗೆಲ್ಲ 'ದಿವ್ಯಾ, ಮೋಟಾರ್ ಹಾಕಿ ಬಾರೇ' ಅಂತ ಅಪ್ಪ ನನ್ನ ಓಡ್ಸಿದ್ದು ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನವೂ ಬಿಟ್ಟಿಲ್ಲ. ಇನ್ನು ಸಾಕು. ಎರಡು, ಸುಳ್ಳು ಹೇಳ್ಬಾರ್ದು."

"ನನ್ನ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ," ಎಂದಿದ್ದ ಜಯಪ್ರಕಾಶ. ಜೀವನದಲ್ಲಿ ಮೊದಲ ಬಾರಿಗೆ ಆ ಮಾತನ್ನು ತಲೆ ಎತ್ತಿ ಹೇಳಿದ್ದ. "ಇರೋದು ಒಂದು ದೊಡ್ಡಪತ್ರೆ ಕುಂಡ. ಅದಕ್ಕೂ ಅಮ್ಮನೇ ನೀರು ಹಾಕೋದು."

ದಿವ್ಯ ನಕ್ಕಿದ್ದಳು. "ಮುಂದಿನ ಸೋಮವಾರ ನಾನೇ ಫೋನ್ ಮಾಡಿ ಹೇಳ್ತೀನಿ."

ಹೆಣ್ಣಿನ ಕಡೆಯವರು ತಾವಾಗಿ ತಿಳಿಸುವ ತನಕ ಗಂಡಿನ ಕಡೆಯವರು ಹುಡುಗಿಯ ನಂಬರ್ ಕೇಳುವುದು ಮರ್ಯಾದೆಯಲ್ಲ. ಅವನು ಕೇಳಲಿಲ್ಲ. ತನ್ನ ಹೊಸ ನಂಬರನ್ನು ಚೀಟಿಯಲ್ಲಿ ಬರೆದು ಅವಳಿಗೆ ಕೊಟ್ಟ. ಸಂಬಂಧ ಕುದುರಿಸುವ ಜಟ್ಟಪ್ಪ ಎಲ್ಲ ಕಡೆ ಹಂಚಿದ ಜಾತಕದ ಹಾಳೆಯಲ್ಲಿ ಅವನ ಹಳೆಯ ನಂಬರ್ ಇತ್ತು; ಆದರೆ ಅದು ಮನುಷ್ಯರು ಬಳಸುವ ಸ್ಥಿತಿಯಲ್ಲಿರಲಿಲ್ಲ. ವಿಮೆ ಮಾಡಿಸುವವರು, ಊರ ಹೊರಗಿನ ಸೈಟು ಮಾರುವವರು, ಕೂದಲು ಬೆಳೆಸುವ ಎಣ್ಣೆಯವರು ಎಲ್ಲ ಸೇರಿ ದಿನಕ್ಕೆ ಸರಾಸರಿ ನಲವತ್ತಾರು ಕರೆ. ಸರಾಸರಿಯನ್ನು ಅವನೇ ಒಂದು ವಾರ ಎಣಿಸಿ ತೆಗೆದಿದ್ದ. ಇಂಥ ಗದ್ದಲದಲ್ಲಿ ಹೆಣ್ಣಿನ ಕಡೆಯವರ ಕರೆ ಕಳೆದುಹೋದೀತೆಂದು ಹೆದರಿ ಹೆಣ್ಣು ನೋಡುವ ಎರಡು ದಿನ ಮೊದಲು ಹೊಸ ಸಿಮ್ ಕೊಂಡಿದ್ದ. ಹಳೆಯದು ಪರ್ಸಿನಲ್ಲಿ ಮಲಗಿತ್ತು. ಹತ್ತು ದಿನ ಸ್ವರ್ಗ. ಒಂದೂ ಕರೆ ಇಲ್ಲ.

ಈಗ ಬಂತು. ಅವನು ಗಂಟಲು ಸರಿಮಾಡಿಕೊಂಡು, ದನಿಗೆ ಬೇಕಾದಷ್ಟೇ ಜೇನು ಹಾಕಿ ಹೇಳಿದ: "ಹಲೋ... ದಿವ್ಯ ಅವ್ರಾ?"

ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ: "ಅಯ್ಯಯ್ಯೋ! ಯಾರೋ ಅದು?"

"ನಾನು ಜಯಪ್ರಕಾಶ್."

"ಯಾವ ಜಯಪ್ರಕಾಶ? ನಮ್ಮ ಪಂಪ್ ಹೌಸಲ್ಲಿ ನಿಂಗೆಂತ ಕೆಲ್ಸ?"

"ಪಂಪ್ ಹೌಸಾ? ಅಮ್ಮಾ, ನಾನು ಮನೇಲಿ ಹಾಸಿಗೆ ಮೇಲಿದೀನಿ."

"ಹಾಸಿಗೆ ಬೇರೆ ಹಾಸ್ಕೊಂಡಿದಾನಂತೆ!" ಹೆಂಗಸು ಯಾರಿಗೋ ಕೂಗಿದಳು. "ಹೋಯ್, ಕೇಳ್ತಾ ನಿಮಗೆ? ಕತ್ತಿ ತಗೊಂಡು ಹೋಗಿ ಬೇಗ. ಕಳ್ಳ ಇನ್ನೂ ಎದ್ದಿಲ್ಲ!"

ಕರೆ ಕಡಿಯಿತು. ಹದಿನಾಲ್ಕು ನಿಮಿಷದ ನಂತರ ಬೇರೆ ನಂಬರಿನಿಂದ ಇನ್ನೊಂದು. ಈ ಬಾರಿ ಗಂಡಸು, ಏದುಸಿರು.

"ಏ, ನಾನೀಗ ಪಂಪ್ ಹೌಸ್ ಒಳಗೇ ನಿಂತಿದೀನಿ. ನೀನೆಲ್ಲಿ ಅಡಗಿದೀಯ ಮಾರಾಯ?"

"ಸ್ವಾಮಿ, ನಾನು ಕೊಪ್ಪದಲ್ಲಿದೀನಿ."

"ಅಷ್ಟು ಬೇಗ ಕೊಪ್ಪಕ್ಕೆ ಮುಟ್ಟಿದ್ಯಾ?" ಎಂದ ಆ ದನಿ, ಸಿಟ್ಟಿಗಿಂತ ಹೆಚ್ಚು ಬೆರಗಿನಿಂದ.

ವಿಷಯ ಬಿಡಿಸಿ ಹೇಳಿದ್ದು ಏಳು ಗಂಟೆ ಐದು ನಿಮಿಷಕ್ಕೆ ಫೋನ್ ಮಾಡಿದ ಯೋಗೇಶ. ಅವನು ಶೃಂಗೇರಿ ಕಡೆಯ ಕರೆಂಟ್ ರಿಪೇರಿಯವನು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಬೇಗಾರಿನ ನಾಗಪ್ಪನೋರ ಪಂಪಿಗೆ ಒಂದು ಮೊಬೈಲ್ ಸ್ಟಾರ್ಟರ್ ಮಾಡಿ ಕೊಟ್ಟಿದ್ದೆ. ನಂದೇ ಡಿಸೈನು. ಪೆಟ್ಟಿಗೆಲ್ಲಿ ಒಂದು ಸಿಮ್ ಇರ್ತದೆ. ಆ ನಂಬರಿಗೆ ಒಂದ್ಸಲ ಫೋನ್ ಮಾಡಿದ್ರೆ ಮೋಟಾರ್ ಆನ್, ಇನ್ನೊಂದ್ಸಲ ಮಾಡಿದ್ರೆ ಆಫ್. ಯಾರು ಮಾಡಿದ್ರೂ ಆಗ್ತದೆ. ಒಬ್ಳು ಹೆಂಗಸಿನ ದನಿ ರೆಕಾರ್ಡ್ ಮಾಡಿ ಹಾಕಿದೀನಿ, 'ಮೋಟಾರ್ ಚಾಲೂ ಆಗಿದೆ' ಅಂತಾಳೆ. ಕಡಿದ್ರೆ ಆಯ್ತು."

"ಅದಕ್ಕೂ ನನಗೂ ಏನು ಸಂಬಂಧ?"

"ಮಳೆಗಾಲ ಆರು ತಿಂಗಳು ತೋಟಕ್ಕೆ ನೀರು ಯಾರು ಬಿಡ್ತಾರೆ ಸಾರ್? ಮೇ ತಿಂಗಳಿಂದ ಸಿಮ್ಮಿಗೆ ರೀಚಾರ್ಜ್ ಮಾಡ್ಸಿಲ್ಲ ಇವ್ರು. ಕಂಪನಿಯೋರು ನಂಬರ್ ಕಿತ್ಕೊಂಡು ಬೇರೆಯವ್ರಿಗೆ ಕೊಟ್ಟಿದಾರೆ. ಆ ಬೇರೆಯವ್ರೇ ನೀವು. ಇವತ್ತು ಈ ವರ್ಷದ ಮೊದಲ ನೀರು."

ಜಯಪ್ರಕಾಶ ವಿಜ್ಞಾನ ಓದಿದವನು. ಕಾರಣ ತಿಳಿದರೆ ಅವನಿಗೆ ಅರ್ಧ ಸಮಾಧಾನ. "ಹಾಗಾದ್ರೆ ಮೋಟಾರನ್ನ ಗುಂಡಿ ಒತ್ತಿ ಹಾಕ್ಬಹುದಲ್ಲ?"

"ಗುಂಡಿ ಎಲ್ಲ ಕಿತ್ತು ಬಿಸಾಡಿ ಆಗಿದೆ ಸಾರ್, ಮಾಡರ್ನ್ ಆಗ್ಲಿ ಅಂತ. ನಾನೀಗ ಸಿರಿಮನೆಲ್ಲಿ ವೈರಿಂಗ್ ಮಾಡ್ತಿದೀನಿ. ಮೂರು ಗಂಟೆ ಮೇಲೆ ಹೋಗಿ ನೋಡ್ತೀನಿ. ಅಲ್ಲಿವರೆಗೆ ಅಡ್ಜಸ್ಟ್ ಮಾಡ್ಕೊಳ್ಳಿ."

ಅಡ್ಜಸ್ಟ್ ಮಾಡಿಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಕರೆಂಟ್ ಹೋದ ಮನೆಯಲ್ಲಿ ಜನ ಹೋಗುತ್ತ ಬರುತ್ತ ಸ್ವಿಚ್ ಒತ್ತಿ ನೋಡುವ ಹಾಗೆ, ಬೇಗಾರಿನವರು ಕಾಲು ಗಂಟೆಗೊಮ್ಮೆ ನಂಬರ್ ಒತ್ತಿ ನೋಡತೊಡಗಿದರು. ತಮ್ಮ ಫೋನಿನಲ್ಲೇ ದೋಷವಿದ್ದೀತೆಂದು ಪಕ್ಕದ ಮನೆಯವರ ಫೋನಿನಿಂದ, ಹಾಲಿನ ಡೈರಿಯವರ ಫೋನಿನಿಂದ, ದಾರಿಯಲ್ಲಿ ಹೋಗುವವರ ಫೋನಿನಿಂದಲೂ ಪ್ರಯತ್ನಿಸಿದರು. ಪ್ರತಿಸಲವೂ ಹೊಸ ನಂಬರ್. ದಿವ್ಯಳ ನಂಬರ್ ಗೊತ್ತಿಲ್ಲದ ಜಯಪ್ರಕಾಶ ಪ್ರತಿಸಲವೂ ಎತ್ತಲೇಬೇಕು. ಪ್ರತಿಸಲವೂ ಎದೆ ಒಮ್ಮೆ ಡವಗುಟ್ಟಬೇಕು.

ಕಾಲೇಜಿಗೆ ಹೋಗುವಷ್ಟರಲ್ಲಿ ಹನ್ನೊಂದು ಕರೆ. ಅವನು ಅಭ್ಯಾಸಬಲದಿಂದ ಪ್ರಯೋಗದ ಪುಸ್ತಕದಲ್ಲಿ ಗೆರೆ ಎಳೆದು ಕೋಷ್ಟಕ ಮಾಡಿದ: ಕರೆಯ ಸಂಖ್ಯೆ, ಸಮಯ, ಮಾತಾಡಿದವರು, ಪರಿಣಾಮ. ಪರಿಣಾಮದ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ 'ಬೈಗುಳ' ಎಂದಿತ್ತು.

ಹನ್ನೆರಡನೆಯ ಕರೆ ಭೈರಮ್ಮನದು. ನಾಗಪ್ಪನವರ ತೋಟದಲ್ಲಿ ನೀರಿನ ಪೈಪು ಬದಲಿಸುವ ಕೆಲಸದವಳು.

"ಎಂತ, ಮೊದ್ಲು ಇದ್ದ ಹೆಂಗಸು ಕೆಲ್ಸ ಬಿಟ್ಲಾ?"

"ಅಮ್ಮಾ, ಅದು ಹೆಂಗಸಲ್ಲ, ರೆಕಾರ್ಡಿಂಗ್."

"ಯಾರೋ ಒಬ್ಳು. ಎಷ್ಟು ಮರ್ಯಾದೆಯಿಂದ ಮಾತಾಡ್ತಿದ್ಲು ಪಾಪ. ಕೇಳಿದ ಕೂಡ್ಲೇ ನೀರು ಬಿಡ್ತಿದ್ಲು. ನೀನು ಬಂದಾಗಿಂದ ಬರೀ ಮಾತು, ನೀರಿಲ್ಲ."

ಈ ಸಂಭಾಷಣೆಯನ್ನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದವನು ನಿತೀಶ್. ಕಂಪ್ಯೂಟರ್ ವಿಭಾಗದ ಉಪನ್ಯಾಸಕ. ಜಗತ್ತಿನ ಎಲ್ಲ ಕಷ್ಟಕ್ಕೂ ಒಂದು ಸೆಟ್ಟಿಂಗ್ ಇದೆ, ಜನ ಹುಡುಕುವುದಿಲ್ಲ ಅಷ್ಟೇ ಎಂಬುದು ಅವನ ಸಿದ್ಧಾಂತ.

"ಜೇಪಿ, ನೀನು ತಪ್ಪು ಮಾಡ್ತಿರೋದು ಎಲ್ಲಿ ಗೊತ್ತಾ? ಅವರ ಹತ್ರ ಮನುಷ್ಯನ ಥರ ಮಾತಾಡ್ತಿದೀಯ. ಮನುಷ್ಯ ಸಿಕ್ಕಿದ್ರೆ ಯಾರಿಗಾದ್ರೂ ಬೈಬೇಕು ಅನ್ಸುತ್ತೆ. ಮಷೀನಿನ ಹತ್ರ ಯಾರೂ ಜಗಳ ಆಡಲ್ಲ. ಫೋನ್ ಎತ್ತಿದ ಕೂಡಲೇ ಉಸಿರು ಬಿಡದೆ 'ಮೋಟಾರ್ ಚಾಲೂ ಆಗಿದೆ' ಅನ್ನು. ಖುಷಿಯಿಂದ ಕಡೀತಾರೆ. ಮೂರು ಸೆಕೆಂಡಲ್ಲಿ ಲೈನ್ ಖಾಲಿ. ದಿವ್ಯನ ಕರೆಗೆ ದಾರಿ ಸುಗಮ."

"ಅದು ಸುಳ್ಳಾಗಲ್ವಾ?"

"ಮಷೀನ್ ಹೇಳಿದ್ರೆ ಸುಳ್ಳಲ್ಲ ಕಣೋ, ಎರರ್."

ಹದಿಮೂರನೆಯ ಕರೆ ಬಂತು. ಜಯಪ್ರಕಾಶ ಕಣ್ಣು ಮುಚ್ಚಿ, ಮೂಗಿನಿಂದ, ಏರಿಳಿತವಿಲ್ಲದೆ ಹೇಳಿದ: "ಮೋಟಾರ್. ಚಾಲೂ. ಆಗಿದೆ."

"ಹಾಂ, ಈಗ ಸರಿ ಆಯ್ತು ನೋಡು!" ಎಂದು ನಾಗಪ್ಪನವರ ದನಿ ಹಿಗ್ಗಿತು. ಕರೆ ಕಡಿಯಿತು. ಅವನು ಸಮಯ ನೋಡಿದ: ನಾಲ್ಕು ಸೆಕೆಂಡು. ಹದಿನಾಲ್ಕನೆಯದೂ ಹಾಗೇ. ಹದಿನೈದನೆಯದರಲ್ಲಿ ಭೈರಮ್ಮ, "ದನಿ ಸ್ವಲ್ಪ ಶೀತ ಆದ ಹಾಗಿದೆ" ಎಂದಷ್ಟೇ ಹೇಳಿ ಇಟ್ಟಳು. ಪರಿಣಾಮದ ಅಂಕಣದಲ್ಲಿ ಮೊದಲ ಸಲ 'ಶಾಂತಿ' ಎಂದು ಬರೆದ.

ಹದಿನಾರನೆಯ ಕರೆ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ. ಲ್ಯಾಂಡ್‌ಲೈನ್ ನಂಬರ್. ಕೈಯಲ್ಲಿ ಲೋಲಕದ ದಾರ ಹಿಡಿದಿದ್ದ ಜಯಪ್ರಕಾಶ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪಳಗಿದ ದನಿಯಲ್ಲಿ ಹೇಳಿದ: "ಮೋಟಾರ್. ಚಾಲೂ. ಆಗಿದೆ."

ಆ ಕಡೆ ಯಾರೂ ಕಡಿಯಲಿಲ್ಲ. ಉಸಿರಾಟ ಕೇಳಿತು. ಆಮೇಲೆ ತುಂಬ ಮೆಲ್ಲಗೆ:

"ಜಯಪ್ರಕಾಶ್ ಅವ್ರಾ?"

ಲೋಲಕ ಕೈಜಾರಿ ಮೇಜಿನ ಕೆಳಗೆ ಉರುಳಿತು.

"ದಿವ್ಯ ಅವ್ರೇ! ಹಾಗಲ್ಲ, ಅದು—"

"ಒಂದು ಗುಂಟೆಯೂ ಇಲ್ಲ ಅಂದಿದ್ರಿ. ಮೋಟಾರ್ ಯಾವುದಕ್ಕೆ ಚಾಲೂ ಆಯ್ತು? ದೊಡ್ಡಪತ್ರೆ ಕುಂಡಕ್ಕಾ?"

ಅವಳು ರಿಸೀವರ್ ಇಟ್ಟ ಸದ್ದು ಸ್ಪಷ್ಟವಾಗಿ ಕೇಳಿಸಿತು. ಹಳೆಯ ತಂತ್ರಜ್ಞಾನದ ಗುಣವೇ ಅದು; ಸಿಟ್ಟನ್ನು ಪೂರ್ತಿಯಾಗಿ ಮುಟ್ಟಿಸುತ್ತದೆ. ಅವನು ಅದೇ ನಂಬರಿಗೆ ಮೂರು ಸಲ ಮಾಡಿದ. ಮೂರು ಸಲವೂ ಅವಳೇ ಎತ್ತಿ, ಅವನ 'ಹಲೋ' ಕೇಳಿ, ಇಟ್ಟಳು.

ಜಯಪ್ರಕಾಶ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಹದಿಮೂರು ಜನ ತೋಟ ಇಲ್ಲವೆಂದು ಬೇಡ ಎಂದಿದ್ದರು. ಹದಿನಾಲ್ಕನೆಯವಳು ತೋಟ ಇದೆಯೆಂದು ಬೇಡ ಎಂದಳು.

"ನೋಡು, ನನ್ನ ಐಡಿಯಾದಲ್ಲಿ ತಪ್ಪಿರಲಿಲ್ಲ," ಎಂದ ನಿತೀಶ್. "ಯೂಸರ್ ಬೇರೆ ಆದ್ರು ಅಷ್ಟೇ."

"ನಿತೀಶ, ನಿನ್ನ ಕಾರು ತೆಗಿ."

"ಎಲ್ಲಿಗೆ?"

"ಬೇಗಾರಿಗೆ. ನನಗೆ ತೋಟ ಇಲ್ಲ ಅಂತ ಆ ಪಂಪಿನ ಯಜಮಾನರ ಬಾಯಲ್ಲೇ ಅವಳಿಗೆ ಹೇಳಿಸ್ತೀನಿ."

ನಿತೀಶನ ಕಾರು ಹೊಸದು. ಅದರಲ್ಲಿ ಕೂರುವುದೆಂದರೆ ಅತಿ ಕಾಳಜಿಯ ಸೋದರತ್ತೆಯ ಜೊತೆ ಪ್ರಯಾಣ ಮಾಡಿದಂತೆ. ಬೆಲ್ಟ್ ಹಾಕಿಲ್ಲವೆಂದು ಕೂಗುತ್ತದೆ; ಹಿಂದಿನ ಸೀಟಿನಲ್ಲಿಟ್ಟ ತೆಂಗಿನಕಾಯಿ ಚೀಲಕ್ಕೂ ಬೆಲ್ಟ್ ಹಾಕಬೇಕೆಂದು ಕೂಗುತ್ತದೆ. ಬೇಗಾರಿನ ಕಡೆಯ ಸಣ್ಣ ರಸ್ತೆಗೆ ಇಳಿದ ಮೇಲಂತೂ ಎರಡೂ ಬದಿಯ ಗಿಡಗಳು ತಾಗುತ್ತವೆಂದು ಒಂದೇ ಸಮನೆ ಅಳತೊಡಗಿತು.

"ಸೇಫ್ಟಿ ಫೀಚರ್," ಎಂದ ನಿತೀಶ್, ಸದ್ದಿಗಿಂತ ಮೇಲೆ ದನಿ ಎತ್ತಿ. "ದನ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕುತ್ತೆ!"

"ದನ ಬಂದ್ರೆ ನಮ್ಮ ಕೆಎಸ್‌ಆರ್‌ಟಿಸಿ ಡ್ರೈವರೂ ಬ್ರೇಕ್ ಹಾಕ್ತಾನೆ," ಎಂದ ಜಯಪ್ರಕಾಶ. "ಅವನು ಅಳಲ್ಲ."

ಅಷ್ಟರಲ್ಲಿ ಅವನ ಫೋನ್ ಬಡಿಯಿತು. ಹೊರಡುವಾಗ ನಿತೀಶ್ ಅದನ್ನು ಕಾರಿಗೆ ಜೋಡಿಸಿದ್ದರಿಂದ ಭೈರಮ್ಮನ ದನಿ ಆರು ಸ್ಪೀಕರುಗಳಿಂದ ಒಟ್ಟಿಗೆ ಹೊರಬಂತು: "ಚಾಲೂ ಆಗಿದೆ ಚಾಲೂ ಆಗಿದೆ ಅಂತ ಮೂರು ಸಲ ಹೇಳಿದ್ಯಲ್ಲ, ಎಲ್ಲಿ ನೀರು? ಒಂದು ಗಂಟೆಯಿಂದ ಪೈಪ್ ಹಿಡ್ಕೊಂಡು ನಿಂತಿದೀನಿ, ಕೈ ಮರಗಟ್ಟಿತು! ಆ ಹೆಂಗಸು ಒಂದು ದಿನವೂ ಸುಳ್ಳು ಹೇಳಿದೋಳಲ್ಲ!"

ನಿತೀಶ್ ಮೆಲ್ಲಗೆ ವಾಲ್ಯೂಮ್ ಕಡಿಮೆ ಮಾಡಿದ.

ನಾಗಪ್ಪನವರ ಹೆಂಡತಿ ತುಂಗಮ್ಮ ಅಂಗಳದಲ್ಲೇ ನಿಂತಿದ್ದರು. ಬೆಳಿಗ್ಗೆ ಕತ್ತಿ ತರಿಸಿದವರು ಅವರೇ. ಬಂದವನು ಯಾರೆಂದು ತಿಳಿದದ್ದೇ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಓಹೋ, ನೀನೇನಾ ನಮ್ಮ ಮೋಟಾರು? ನೋಡೋಕೆ ಸಾಧು ಇದೀಯ. ಸುಳ್ಳೆಂತಕ್ಕೆ ಹೇಳ್ದೆ?"

ಜಯಪ್ರಕಾಶ ಎಲ್ಲವನ್ನೂ ಹೇಳಿದ. ಹದಿಮೂರು ಹೆಣ್ಣು, ಹದಿನಾಲ್ಕನೆಯ ದಿವ್ಯ, ಅವಳ ಎರಡು ಷರತ್ತು, ಹದಿನಾರನೆಯ ಕರೆ. ಹೇಳುತ್ತ ಹೇಳುತ್ತ ಕಣ್ಣು ಸ್ವಲ್ಪ ಒದ್ದೆಯಾಯಿತು. ನಾಗಪ್ಪನವರು ಮರುಗಿ, "ಪಾಪ ಮಾರಾಯ್ತಿ, ನಮ್ಮಿಂದ ಆಗಿದ್ದು, ಒಂದು ಫೋನ್ ಮಾಡಿ ಹೇಳು" ಎಂದರು.

"ಹೇಳ್ತೀನಿ, ಯಾರು ಬೇಡ ಅಂದ್ರು," ಎಂದರು ತುಂಗಮ್ಮ. "ಮೊದ್ಲು ನಮ್ಮ ಮೋಟಾರ್ ಚಾಲೂ ಮಾಡಿ ಕೊಡ್ಲಿ. ಬೆಳಿಗ್ಗೆಯಿಂದ ಒಂದು ಗಿಡಕ್ಕೂ ನೀರು ಬಿದ್ದಿಲ್ಲ. ಇವನ ಮದುವೆ ಒಂದು ವಾರ ತಡ ಆದ್ರೆ ಒಣಗೋದಿಲ್ಲ. ನನ್ನ ಸಸಿಮಡಿ ಒಣಗ್ತದೆ."

ಪಂಪ್ ಹೌಸ್ ಹಳ್ಳದ ಬದಿಯಲ್ಲಿತ್ತು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಅರ್ಧ ಅಡಿ ಎತ್ತರದ ಅಂಕಿಗಳಲ್ಲಿ, ಜಯಪ್ರಕಾಶನ ಹೊಸ ಫೋನ್ ನಂಬರ್. ತನ್ನ ಗುಟ್ಟಿನ ನಂಬರನ್ನು ಹಾಗೆ ಕಂಡು ಅವನಿಗೆ ಬಟ್ಟೆ ಇಲ್ಲದೆ ಪೇಟೆಯಲ್ಲಿ ನಿಂತಂತಾಯಿತು. ಸಿರಿಮನೆಯಿಂದ ಆಗಷ್ಟೇ ಬಂದ ಯೋಗೇಶ ಪೆಟ್ಟಿಗೆ ಬಿಚ್ಚಿ ಕುಳಿತಿದ್ದ.

"ಬೇರೆ ಸಿಮ್ ಬೇಕು ಸಾರ್. ಅಂಗಡಿಗೆ ಹೋಗಿ ಬಂದೆ. ಹೆಬ್ಬೆಟ್ಟು ತಗೊಳ್ಳೋ ಮಷೀನು ಇವತ್ತು ಯಾರ ಬೆರಳನ್ನೂ ಒಪ್ತಾ ಇಲ್ಲ. ನಾಳೆ ಬನ್ನಿ ಅಂದ್ರು. ಯಾರ ಹತ್ರ ಆದ್ರೂ ಖಾಲಿ ಬಿದ್ದಿರೋ ಸಿಮ್ ಇದ್ರೆ..."

ಜಯಪ್ರಕಾಶನ ಕೈ ತನ್ನಿಂತಾನೇ ಪರ್ಸಿಗೆ ಹೋಯಿತು. ಹಳೆಯ ಸಿಮ್. ರೀಚಾರ್ಜ್ ಇನ್ನೂ ಎರಡು ತಿಂಗಳಿದೆ. ಇಷ್ಟು ಸರಳವಾದ ಪರಿಹಾರ ಬೆಳಿಗ್ಗೆಯೇ ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೆ ತನಗೇ ನಗು ಬಂತು.

ಯೋಗೇಶ ಸಿಮ್ ಕೂರಿಸಿದ. ತುಂಗಮ್ಮ ತಮ್ಮ ಫೋನಿನಲ್ಲಿ ಆ ಹಳೆಯ ಸಿಮ್ಮಿನ ನಂಬರ್ ಒತ್ತಿ ಸ್ಪೀಕರ್ ಹಾಕಿದರು. ಎರಡು ರಿಂಗ್. ನಂತರ ಒಬ್ಬ ಹೆಂಗಸು, ಅತ್ಯಂತ ಮರ್ಯಾದೆಯಿಂದ: "ಮೋಟಾರ್ ಚಾಲೂ ಆಗಿದೆ."

ಮೋಟಾರು ಒಮ್ಮೆ ಗುರ್ ಎಂದು, ಆಮೇಲೆ ಹಾಡತೊಡಗಿತು. ದೂರದಲ್ಲಿ ಪೈಪು ಹಿಡಿದಿದ್ದ ಭೈರಮ್ಮ, "ಬಂತು! ಅವ್ಳೇ ಬಂದ್ಲು!" ಎಂದು ಕೂಗಿದಳು.

ತುಂಗಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಲ್ಲೇ ಬೇಲಿಗೆ ಒರಗಿ ದಿವ್ಯಳ ಸಂಘದ ಲ್ಯಾಂಡ್‌ಲೈನಿಗೆ ಮಾಡಿದರು.

"ದಿವ್ಯನಾ? ನಾನು ಬೇಗಾರಿನ ತುಂಗಮ್ಮ. ನೋಡು ಕೂಸೇ, ನಿನ್ನ ನೋಡೋಕೆ ಬಂದ ಹುಡುಗ ಇಲ್ಲಿದಾನೆ. ಅವನ ಮೋಟಾರು ಅವನದ್ದಲ್ಲ, ನಮ್ಮದು. ಅವನ ನಂಬರೂ ನಮ್ಮದೇ, ಗೋಡೆ ಮೇಲೆ ಬರ್ಸಿದೀವಿ. ಇವನಿಗೆ ತೋಟ ಇಲ್ಲ. ಪಂಪಿಲ್ಲ. ನಾನು ಕಣ್ಣಾರೆ ನೋಡಿದೀನಿ, ವಾಲ್ವ್ ಯಾವ ಕಡೆ ತಿರುಗಿಸ್ಬೇಕು ಅಂತಲೂ ಗೊತ್ತಿಲ್ಲ, ಈಗಷ್ಟೇ ಮೈಯೆಲ್ಲ ಒದ್ದೆ ಮಾಡ್ಕೊಂಡ. ಒಟ್ಟು ಹೇಳ್ಬೇಕು ಅಂದ್ರೆ ಎಂತದೂ ಇಲ್ಲದ ಒಳ್ಳೇ ಹುಡುಗ. ಕಣ್ಣು ಮುಚ್ಚಿ ಒಪ್ಕೋಬಹುದು."

ಆ ಕಡೆಯಿಂದ ನಗು ಕೇಳಿಸಿತು. ನಿಲ್ಲದ ನಗು. ತುಂಗಮ್ಮ ಫೋನನ್ನು ಅವನ ಕೈಗಿತ್ತರು.

"ನನ್ನದು ಒಪ್ಪಿಗೆ," ಎಂದಳು ದಿವ್ಯ, ನಗುವಿನ ನಡುವೆ ಉಸಿರು ತೆಗೆದುಕೊಳ್ಳುತ್ತ. "ಆದ್ರೆ ಅಪ್ಪ ಇನ್ನೂ ಗೊಣಗ್ತಿದಾರೆ, ತೋಟ ಇಲ್ಲದವನು ಅಂತ. ಸಂಜೆ ಅವ್ರೇ ನಿಮಗೆ ಫೋನ್ ಮಾಡ್ತಾರೆ. ದಯವಿಟ್ಟು ಮನುಷ್ಯನ ಥರ ಮಾತಾಡಿ."

ವಾಪಸು ಬರುವಾಗ ಕಾರಿನ ಅಳು ಅವನ ಕಿವಿಗೆ ನಾದಸ್ವರದಂತೆ ಕೇಳಿಸಿತು. ಒದ್ದೆ ಪ್ಯಾಂಟಿನಲ್ಲಿ ಕುಳಿತು ಅವನು ತಂತ್ರಜ್ಞಾನವನ್ನು ಕ್ಷಮಿಸಿದ, ಸಿಮ್ ಕಂಪನಿಯನ್ನು ಕ್ಷಮಿಸಿದ, ನಿತೀಶನನ್ನೂ ಕ್ಷಮಿಸಿದ. ಫೋನ್ ಮೌನವಾಗಿತ್ತು. ಒಂದು ಗಂಟೆ ಇಪ್ಪತ್ತು ನಿಮಿಷ, ಒಂದೇ ಒಂದು ಕರೆ ಇಲ್ಲ. ಎದೆಯ ಮೇಲೆ ಬೆಳಿಗ್ಗೆಯಿಂದ ಕುಳಿತಿದ್ದ ಒಂದು ಮಣ ಭಾರ ಇಳಿದಂತಿತ್ತು.

ಮನೆಗೆ ಬಂದು ಬಟ್ಟೆ ಬದಲಿಸಿ, ಅಮ್ಮನಿಗೆ ಅರ್ಧ ಸುದ್ದಿ ಹೇಳಿ, ರೇಣುಕಪ್ಪನವರ ಕರೆಗಾಗಿ ಕಿಟಕಿಯ ಪಕ್ಕ ಕುಳಿತ. ಆರೂಕಾಲಾಯಿತು. ಆರೂವರೆಗೆ ಫೋನ್ ಬಡಿಯಿತು.

"ನಮಸ್ಕಾರ, ಹೇಳಿ," ಎಂದ ಅವನು, ಪೂರ್ತಿ ಮನುಷ್ಯನಾಗಿ.

"ಎಂತ ನಮಸ್ಕಾರ!" ತುಂಗಮ್ಮ. "ನಿನ್ನ ಸಿಮ್ಮಿಗೆ ಎಂತ ದೆವ್ವ ಹಿಡಿದಿದೆ ಮಾರಾಯ? ನಾವು ಯಾರೂ ಫೋನೇ ಮಾಡಿಲ್ಲ, ಮೋಟಾರ್ ತನ್ನಷ್ಟಕ್ಕೆ ನಿಲ್ತದೆ, ತನ್ನಷ್ಟಕ್ಕೆ ಹೊರಡ್ತದೆ. ಭೈರಮ್ಮ ಪೈಪ್ ಬಿಚ್ಚಿದ ಕೂಡ್ಲೇ ನೀರು ಬಂದು ಅವಳನ್ನ ಗದ್ದೆ ಬದಿಗೆ ಕೂರ್ಸಿದೆ. ಬಾಯಿಗೆ ಬಂದ ಹಾಗೆ ಬೈತಿದಾಳೆ, ಈಗ ಆ ಹೆಂಗಸಿಗೂ!"

ಜಯಪ್ರಕಾಶನಿಗೆ ಕಾರಣ ತಿಳಿಯಲು ಎರಡು ಸೆಕೆಂಡೂ ಬೇಕಾಗಲಿಲ್ಲ. ವಿಮೆಯವರು. ಸೈಟಿನವರು. ಕೂದಲೆಣ್ಣೆಯವರು. ದಿನಕ್ಕೆ ನಲವತ್ತಾರು ಕರೆ. ಬೆಸ ಸಂಖ್ಯೆಯ ಕರೆಗೆ ಮೋಟಾರ್ ಆನ್, ಸಮ ಸಂಖ್ಯೆಗೆ ಆಫ್. 'ಯಾರು ಮಾಡಿದ್ರೂ ಆಗ್ತದೆ' ಎಂದು ಯೋಗೇಶ ಬೆಳಿಗ್ಗೆಯೇ ಹೇಳಿದ್ದ.

"ಯೋಗೇಶನಿಗೆ ಹೇಳಿ ಸಿಮ್ ತೆಗೆಸಿಬಿಡಿ ಅಮ್ಮಾ. ನಾಳೆ ನಾನೇ ಬಂದು—" ಎನ್ನುತ್ತಿದ್ದವನ ನಾಲಿಗೆ ಅಲ್ಲಿಗೇ ನಿಂತಿತು.

ಹಳೆಯ ನಂಬರ್. ಜಟ್ಟಪ್ಪ ಹಂಚಿದ ಜಾತಕದ ಹಾಳೆ. ರೇಣುಕಪ್ಪನವರ ಕೈಯಲ್ಲಿರುವುದು ಆ ಹಾಳೆ. ಚೀಟಿ ಇರುವುದು ಮಗಳ ಹತ್ತಿರ.

ಏಳು ಗಂಟೆ ಎರಡು ನಿಮಿಷಕ್ಕೆ ಮತ್ತೆ ಫೋನ್. ಈ ಬಾರಿ ದಿವ್ಯ. ಅವಳ ದನಿ ವಿಚಿತ್ರವಾಗಿತ್ತು. ನಗುವೋ ಗಾಬರಿಯೋ ತಿಳಿಯುವಂತಿರಲಿಲ್ಲ.

"ಅಪ್ಪ ನಿಮಗೆ ಫೋನ್ ಮಾಡಿದ್ರು."

"ಹಳೇ ನಂಬರಿಗಾ?"

"ಹಳೇ ನಂಬರಿಗೆ. ಮೂರು ಸಲ."

"ಒಬ್ಳು ಹೆಂಗಸು ಎತ್ತಿದ್ಲಾ?" ಜಯಪ್ರಕಾಶ ಕಣ್ಣು ಮುಚ್ಚಿಕೊಂಡ. "ದಿವ್ಯ ಅವ್ರೇ, ದಯವಿಟ್ಟು ನಿಮ್ಮ ಅಪ್ಪನಿಗೆ ಹೇಳಿ, ಅವಳು ಯಾರೋ ನನಗೆ ಗೊತ್ತೇ ಇಲ್ಲ!"

"ಅಪ್ಪ ಹೆಂಗಸಿನ ಬಗ್ಗೆ ತಲೆ ಕೆಡಿಸ್ಕೊಂಡಿಲ್ಲ. ನಲವತ್ತು ವರ್ಷ ಪಂಪ್ ಇಟ್ಕೊಂಡೋರು. ಮೊದಲನೇ ಸಲ 'ಚಾಲೂ ಆಗಿದೆ' ಅಂತು. ಎರಡನೇ ಸಲ 'ನಿಂತಿದೆ' ಅಂತು. ಮೂರನೇ ಸಲ ಬೇಕು ಅಂತಲೇ ಮಾಡಿ ನೋಡಿದ್ರು. ಆಮೇಲೆ ಅಮ್ಮನ್ನ ಕರೆದು ಹೇಳಿದ್ರು, 'ನೋಡಿದ್ಯಾ, ಹುಡುಗ ಎಂಥಾ ಕಿಲಾಡಿ! ಜಾತಕದಲ್ಲಿ ಪಂಪಿನ ನಂಬರೇ ಕೊಟ್ಟಿದಾನೆ. ಮೊಬೈಲ್ ಸ್ಟಾರ್ಟರ್ ಹಾಕಿಸಿರೋನು ಅಂದ್ರೆ ಐದು ಎಕರೆಗೆ ಕಡಿಮೆ ಇಲ್ಲ. ನಮ್ಮ ದಿವ್ಯನಿಗೆ ಹೆದರಿ ಮುಚ್ಚಿಟ್ಟಿದಾನೆ ಪಾಪ' ಅಂತ."

"ಆಮೇಲೆ?"

"ಆಮೇಲೆ ಎಂತ, ಒಪ್ಪಿಬಿಟ್ರು! ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಯ್ತು. ಹದಿನಾಲ್ಕನೇ ಸಲಕ್ಕೆ ನಿಮಗೆ ಹೆಣ್ಣಿನ ಅಪ್ಪ ಒಪ್ಪಿದ್ರು ನೋಡಿ."

"ದೇವರೇ," ಎಂದು ಅವನು ಉಸಿರು ಬಿಟ್ಟ. ನಿಜಕ್ಕೂ ಹಗುರವಾಯಿತು. ಮಗಳು ಒಪ್ಪಿದಳು, ಅಪ್ಪ ಒಪ್ಪಿದರು. ಇನ್ನೇನು ಬೇಕು? ಮಗಳು ಒಪ್ಪಿದ್ದು ತೋಟ ಇಲ್ಲವೆಂದು, ಅಪ್ಪ ಒಪ್ಪಿದ್ದು ತೋಟ ಇದೆಯೆಂದು ಎಂಬ ಸಂಗತಿ ಆ ಉಸಿರು ಪೂರ್ತಿ ಹೊರಗೆ ಹೋದ ಮೇಲಷ್ಟೇ ಅವನ ತಲೆಗೆ ಬಂತು.

"ಇಲ್ಲ ಅಂತ ನೀವು ಹೇಳಲಿಲ್ವಾ?"

"ಹೇಳಿದೆ. 'ನೀನು ಸುಮ್ನಿರು, ಹುಡುಗ ನಿಂಗೆ ಹೇಳಿಲ್ಲ ಅಷ್ಟೇ' ಅಂದ್ರು. ಈ ಭಾನುವಾರ ತೋಟ ನೋಡೋಕೆ ನಿಮ್ಮನೆಗೆ ಬರ್ತಾರಂತೆ. ಚಿಕ್ಕಪ್ಪ, ಮಾವ ಎಲ್ಲ ಸೇರಿ ಒಂದು ಜೀಪು. ಜೊತೆಗೆ ಅಳತೆ ಟೇಪೂ ತರ್ತಾರೆ, ಅಪ್ಪನಿಗೆ ಅಂದಾಜಲ್ಲಿ ನಂಬಿಕೆ ಇಲ್ಲ."

"ನಾನೀಗ ಏನು ಮಾಡ್ಲಿ?"

"ಸುಳ್ಳಂತೂ ಹೇಳ್ಬಾರ್ದು," ಎಂದಳು ದಿವ್ಯ. ಈಗ ನಗುತ್ತಿರುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. "ಇರೋದನ್ನ ಸರಿಯಾಗಿ ಅಳೆದು ಇಟ್ಟಿರಿ. ಮಿಕ್ಕಿದ್ದು ಆ ದಿನ ನಾನು ನೋಡ್ಕೋತೀನಿ."

ಫೋನ್ ಇಟ್ಟ ಮೇಲೆ ಜಯಪ್ರಕಾಶ ಚೀಲದಿಂದ ಸ್ಕೇಲ್ ಮತ್ತು ಪ್ರಯೋಗದ ಪುಸ್ತಕ ತೆಗೆದ. ದೊಡ್ಡಪತ್ರೆಯ ಎಲೆಗಳನ್ನು ಒಂದು ಕೈಯಿಂದ ಮೆಲ್ಲಗೆ ಸರಿಸಿ, ಕುಂಡದ ಬಾಯಿಗೆ ಅಡ್ಡಲಾಗಿ ಮೂರು ಕಡೆ ಸ್ಕೇಲ್ ಇಟ್ಟು ನೋಡಿ, ಸರಾಸರಿ ತೆಗೆದು ಬರೆದುಕೊಂಡ.

ವ್ಯಾಸ: 22.4 ಸೆಂಟಿಮೀಟರ್.